ಮರೆವಿಗೆ ವಿಟಮಿನ್ ಇ ಮಾತ್ರೆ: ಒಂದು ಸ್ಪಷ್ಟನೆ

ಶಿರಸಿ, ಕಾರವಾರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "60 ದಾಟಿದವರು ದಿನಾ ಒಂದು ವಿಟಮಿನ್ ಇ ಮಾತ್ರೆ ನುಂಗಿ, ಮರೆವಿನ ಕಾಯಿಲೆ ಹತ್ತಿರವೂ ಸುಳಿಯುವುದಿಲ್ಲ." ಇದು ನಿಜವಲ್ಲ.

ನಮ್ಮ ದೊಡ್ಡಮ್ಮನ ಕವಳದ ಬಟ್ಟಲಲ್ಲಿ, ಅಡಿಕೆ ಹೋಳಿನ ಪಕ್ಕ, ಆ ಹಸಿರು ಕ್ಯಾಪ್ಸೂಲಿನ ಸ್ಟ್ರಿಪ್ ಕಂಡು ನನಗೆ ಗಾಬರಿಯಾಯಿತು. ನಾಲ್ಕು ಆಗಲೇ ಖಾಲಿ. ಅವರು ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು. ಅದರ ಜೊತೆ ವಿಟಮಿನ್ ಇ ಜಾಸ್ತಿಯಾದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೆಸೇಜಿನಲ್ಲಿ ಈ ಮಾತೇ ಇಲ್ಲ!

ವಯಸ್ಸಾದಂತೆ ಆಕ್ಸಿಡೀಕರಣದಿಂದ (ದೇಹದಲ್ಲಿ ಆಮ್ಲಜನಕದಿಂದ ಆಗುವ ಒಂದು ಬಗೆಯ ಸವೆತ) ಮಿದುಳಿನ ಕೋಶಗಳಿಗೆ ಪೆಟ್ಟು ಬೀಳುವುದು ಹೌದು, ವಿಟಮಿನ್ ಇಗೆ ಅದನ್ನು ತಡೆಯುವ ಗುಣ ಇರುವುದೂ ಹೌದು. ಮಾತ್ರೆ ನುಂಗಿದರೆ ಅದು ನಿಲ್ಲುತ್ತದೆ ಅನ್ನುವುದು ಬೇರೆ ಮಾತು, ಅಲ್ವಾ? ಅಮೆರಿಕದ ಸಂಶೋಧಕರು 7,500ಕ್ಕೂ ಹೆಚ್ಚು ಹಿರಿಯ ಗಂಡಸರಿಗೆ ವಿಟಮಿನ್ ಇ, ಸೆಲೆನಿಯಂ ಎಂಬ ಖನಿಜ ಅಥವಾ ಔಷಧವಿಲ್ಲದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. 2017ರಲ್ಲಿ ಫಲಿತಾಂಶ ಬಂತು: ಮರೆವಿನ ಕಾಯಿಲೆ ತಡೆಯಲು ಎರಡರಿಂದಲೂ ಉಪಯೋಗವಾಗಲಿಲ್ಲ. 2011ರಲ್ಲಿ ಇದಕ್ಕೆ ಸಂಬಂಧಿಸಿದ ದೊಡ್ಡ ಅಧ್ಯಯನದಲ್ಲಿ, ವಿಟಮಿನ್ ಇ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಕಂಡಿತ್ತು. ಮರೆವು ತಡೆಯಲು ಇದನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಆಲ್ಝೈಮರ್ (ಮರೆವಿನ ಕಾಯಿಲೆಯ ಒಂದು ಬಗೆ) ಈಗಾಗಲೇ ಇರುವವರಿಗೆ ವೈದ್ಯರು ಕೆಲವೊಮ್ಮೆ ಬರೆದುಕೊಡುವುದುಂಟು. ಅಂಥವರು ಸುಮ್ನೆ ನಿಲ್ಲಿಸಬೇಡಿ, ವೈದ್ಯರನ್ನೇ ಕೇಳಿ.

ಒಂದೆಲಗದ ತಂಬುಳಿ, ಸೊಪ್ಪು, ಮೀನು ಊಟದಲ್ಲಿ ಧಾರಾಳ ಇರಲಿ. ಬಿಪಿ, ಶುಗರ್ ಹಿಡಿತದಲ್ಲಿರಲಿ, ನಡಿಗೆ ತಪ್ಪದಿರಲಿ. ದೊಡ್ಡಮ್ಮನ ಸ್ಟ್ರಿಪ್ ಮಾತ್ರ ವೈದ್ಯರಿಗೆ ತೋರಿಸಿ ಬಿಡಿಸಿದ್ದೇವೆ.