ಪರ-ವಿರೋಧ: ಟೆಸ್ಟ್ ಬರೆಯುವ ಮೊದಲು ಡಾಕ್ಟರು ರೋಗ ಊಹಿಸಲೇಬೇಕಾ?

ಪರ: ಮೊದಲು ಕೇಳಿ, ಆಮೇಲೆ ಬರೆಯಿರಿ
(ತಿಕೋಟಾ ಭಾಗದ ವೈದ್ಯೆ)

ಊಹಿಸಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ರೋಗಿ ಮಾತು ಶುರು ಮಾಡಿದ ಕೂಡಲೇ ಡಾಕ್ಟರ ತಲೆಯಲ್ಲಿ ಮೂರ್ನಾಲ್ಕು ಕಾರಣಗಳು ಬರುತ್ತವೆ. ಮುಂದೆ ಕೇಳುವ ಪ್ರಶ್ನೆಗಳೆಲ್ಲ ಅವುಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ತಿಳಿಯಲಿಕ್ಕೇ.

ನಮ್ಮ ಕಡೆ ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದರೆ ಔಷಧ ಹೊಡೆಯುವ ಕೆಲಸ ಜೋರು. ಆ ಹೊತ್ತಿನಲ್ಲೇ ಒಬ್ಬ ಹುಡುಗನನ್ನು ಅವನ ಕಾಕಾ ಕರೆತಂದ. ವಾಂತಿ, ಭೇದಿ, ಮೈಯೆಲ್ಲ ಬೆವರು. ಬೇರೆ ಕಡೆ ಊಟ ಕೆಟ್ಟಿರಬೇಕು ಎಂದು ಸಲೈನ್ ಏರಿಸಿ, ರಕ್ತ, ಮೂತ್ರ, ಹೊಟ್ಟೆ ಸ್ಕ್ಯಾನ್ ಬರೆದುಕೊಟ್ಟಿದ್ದರು. ನಾನು ಕಣ್ಣಿಗೆ ಟಾರ್ಚ್ ಹಿಡಿದೆ. ಪಾಪೆ ಸೂಜಿ ಮೊನೆಯಷ್ಟಾಗಿತ್ತು. ಬಾಯಿ ತುಂಬ ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು.

"ಕಾಕಾರ, ಮುಂಜಾನೆ ಎಲ್ಲಿ ಹೋಗಿದ್ದ ಇವ?"

"ತ್ವಾಟಕ್ಕ ಎಣ್ಣಿ ಹೊಡ್ಯಾಕ ಹೋಗಿದ್ದನ್ರಿ ಮೇಡಂ."

ಎಣ್ಣಿ ಅಂದರೆ ಕೀಟನಾಶಕ. ಅಷ್ಟೇ ಸಾಕಾಯಿತು. ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿಯಲೇಬೇಕೆಂದಿಲ್ಲ, ಚರ್ಮ ಮತ್ತು ಉಸಿರಿನಿಂದಲೂ ಒಳಗೆ ಹೋಗುತ್ತದೆ. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಬೆವರು, ಜೊಲ್ಲು, ಭೇದಿ, ಸಣ್ಣ ಪಾಪೆ ಎಲ್ಲ ಒಟ್ಟಿಗೆ ಬರುವುದು ಅದಕ್ಕೇ. ಬಿಡಿಬಿಡಿಯಾಗಿ ನೋಡಿದರೆ ನಾಲ್ಕು ಟೆಸ್ಟ್, ಕೂಡಿಸಿ ನೋಡಿದರೆ ಒಂದೇ ಉತ್ತರ. ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ, ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಶುರು ಮಾಡಿ ವಿಜಯಪುರಕ್ಕೆ ಕಳಿಸಿದೆ. ಹುಡುಗ ಉಳಿದ.

1975ರಲ್ಲೇ ಬ್ರಿಟನ್ನಿನ ವೈದ್ಯ ಹ್ಯಾಂಪ್ಟನ್ ಮತ್ತು ಜೊತೆಗಾರರು 80 ಹೊಸ ರೋಗಿಗಳ ಲೆಕ್ಕ ಇಟ್ಟಿದ್ದರು. ಕಳಿಸಿದ ವೈದ್ಯರ ಚೀಟಿ ಓದಿ, ರೋಗಿಯ ಮಾತು ಕೇಳಿದಷ್ಟಕ್ಕೇ 66 ಜನರಲ್ಲಿ ರೋಗ ಸರಿಯಾಗಿ ಗೊತ್ತಾಗಿತ್ತು.

ಟೆಸ್ಟಿಗೂ ಊಹೆ ಬೇಕು. ಡೆಂಗಿಗೆ ಮೊದಲ ದಿನಗಳಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಟೆಸ್ಟ್, ಐದಾರು ದಿನ ಕಳೆದರೆ ಮೈಯಲ್ಲಿ ಹುಟ್ಟುವ ಪ್ರತಿಕಾಯ ಹುಡುಕುವ ಐಜಿಎಂ ಟೆಸ್ಟ್. ಜ್ವರ ಬಂದು ಎಷ್ಟು ದಿನವಾಯಿತು ಎಂದು ಕೇಳದೆ ಬರೆದ ಟೆಸ್ಟ್ ನೆಗೆಟಿವ್ ಬಂದರೆ ಏನು ತಿಳಿಯುತ್ತದೆ? ಜ್ವರ ಅಂದರೆ ಸಾಕು, ಟೈಫಾಯ್ಡ್ ಹುಡುಕುವ ವಿಡಾಲ್ ರಕ್ತಪರೀಕ್ಷೆ ಬರೆಯುತ್ತಾರೆ. ಹಿಂದೆ ಯಾವಾಗಲೋ ಟೈಫಾಯ್ಡ್ ಆಗಿದ್ದರೂ ಅದು ಪಾಸಿಟಿವ್ ಬರಬಹುದು. ಆಮೇಲೆ ಬೇಡದ ಆಂಟಿಬಯೋಟಿಕ್.

ಊಹೆ ತಪ್ಪಬಹುದು ಎನ್ನುವವರಿದ್ದಾರೆ. ಅವರ ಮಾತು ಕೇಳಿದರೆ ಡಾಕ್ಟರೇ ಬೇಡ, ಜನ ಮಶೀನಿನ ಮುಂದೆ ಪಾಳಿ ಹಚ್ಚಬೇಕು ಅಷ್ಟೆ. ಸರಿಯಾಗಿ ಕೇಳಿ, ಮೈ ಮುಟ್ಟಿ ನೋಡಿ ಮಾಡಿದ ಊಹೆ ಸುಮ್ನೆ ತಪ್ಪುವುದಿಲ್ಲ.

ವಿರೋಧ: ಕೆಲವು ಟೆಸ್ಟ್ ಊಹೆಗೆ ಕಾಯಬಾರದು
(ಬಾಗಲಕೋಟೆಯ ಲ್ಯಾಬ್ ಟೆಕ್ನಿಷಿಯನ್)

ಈ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ರೋಗಿಯ ಮಾತು ಕೇಳಬೇಡಿ ಎಂದು ನಾನು ವಾದ ಮಾಡಲಾರೆ. ಆದರೆ ಮೊದಲ ಊಹೆ ಒಮ್ಮೆ ತಲೆಯಲ್ಲಿ ಕೂತರೆ ಏಳುವುದು ಕಷ್ಟ. ಮುಂದಿನ ಪ್ರಶ್ನೆಗಳೂ ಅದಕ್ಕೆ ಹೊಂದುವಂಥವೇ ಆಗುತ್ತವೆ.

ನಮ್ಮ ದೊಡ್ಡವ್ವನಿಗೆ ಶುಗರ್ ಇದೆ. ಒಂದು ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಬೆವರು. ತೋರಿಸಿದ ಕಡೆ, ಖಾರ ಜಾಸ್ತಿ ಆಗಿದೆ, ಪಿತ್ತ ಎಂದು ಗುಳಿಗೆ ಕೊಟ್ಟು ಕಳಿಸಿದರು. ಎದೆನೋವು ಇದೆಯಾ ಎಂದು ಕೇಳಿದ್ದರು, ಇಲ್ಲ ಎಂದಿದ್ದಳು. ಶುಗರ್ ಇರುವವರಿಗೆ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದು. ಮರುದಿನ ಬೇರೆ ಕಡೆ ಇಸಿಜಿ ತೆಗೆದಾಗ ಗೊತ್ತಾಯಿತು. ಅದನ್ನು ತೆಗೆಯಲು ಹತ್ತು ನಿಮಿಷವೂ ಬೇಡ. ಈಗ ನಾಲ್ಕು ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು. ಕೇಳಿದ್ದರು ಅಲ್ವಾ? ಕೇಳಿದ್ದರಿಂದಲೇ ದಾರಿ ತಪ್ಪಿದರು.

ವಿಡಾಲ್ ಹೆಸರು ಹೇಳಿ ಎಲ್ಲ ಟೆಸ್ಟನ್ನೂ ಬೈಯುವುದು ಸರಿಯಲ್ಲ. ಮುಧೋಳದ ಸಕ್ಕರೆ ಕಾರ್ಖಾನೆಯ ಕೂಲಿಯವನು ಕೆಮ್ಮುತ್ತಾ ಬಂದರೆ ಧೂಳಿನ ಕೆಮ್ಮು ಎಂದು ಯಾರಾದರೂ ಊಹಿಸಿಯಾರು. ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಎಂದು ಕ್ಷಯ ಕಾರ್ಯಕ್ರಮದಲ್ಲಿ ಹೇಳಿರುವುದು ಅದಕ್ಕೇ. ಕ್ಷಯದ ರೋಗಾಣು ಇದೆಯೋ ಇಲ್ಲವೋ, ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂಬುದನ್ನು ಸಿಬಿನಾಟ್ ಎಂಬ ಮಶೀನಿನ ಕಫ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಅಂಥವನಿಗೆ ಕಫದ ಡಬ್ಬಿ ಮೊದಲು ಕೊಡಿ, ಮಾತು ಆಮೇಲೆ ಆಡಿ.