ಎಲ್ಲವೂ ಕ್ರಿಟಿಕಲ್ ಅಂತೆ!

ನಿನ್ನೆ ರಾತ್ರಿ ಹತ್ತೂವರೆ. ಹಾಸನದ ಮನೆಯಲ್ಲಿ ಕೂತು ಅಕ್ಕಿ ರೊಟ್ಟಿಗೆ ಕೈ ಹಾಕಿದ್ದೆ ಅಷ್ಟೇ, ಮ್ಯಾನೇಜರ್ ಫೋನ್. "ಕ್ರಿಟಿಕಲ್ ಬಗ್ ಕಣ್ರೀ, ತಕ್ಷಣ ಲಾಗಿನ್ ಆಗಿ!" ಸರ್ವರ್ ಬಿತ್ತೇನೋ ಅಂತ ಎದೆ ಧಸಕ್ಕೆಂದಿತು. ಎಂಜಲು ಕೈಯಲ್ಲೇ ಲ್ಯಾಪ್‌ಟಾಪ್ ತೆರೆದರೆ, ಮೊದಲ ಪುಟದಲ್ಲಿ ಗ್ರಾಹಕರ ಕಂಪನಿ ಹೆಸರಿನಲ್ಲಿ ಒಂದು ಅಕ್ಷರ ತಪ್ಪು!

ಬೇಗ ಸರಿ ಮಾಡಬೇಕು, ಒಪ್ಪಿದೆ. ಬೆಳಿಗ್ಗೆ ಡೆಮೊ ಇದೆ, ಮಾನದ ಪ್ರಶ್ನೆ. ಅದಕ್ಕೇ ಬಗ್‌ಗಳ, ಅಂದರೆ ಸಾಫ್ಟ್‌ವೇರ್ ತಪ್ಪುಗಳ ಲಿಸ್ಟ್‌ನಲ್ಲಿ ಪ್ರಯಾರಿಟಿ ಅಂತ ಬೇರೆ ಕಾಲಂ ಇದೆಯಲ್ಲ ಸ್ವಾಮಿ? ಸಿವಿಯಾರಿಟಿ ಅಂದರೆ ಪೆಟ್ಟು ಎಷ್ಟು ಜೋರು ಅಂತ; ಈ 'ಕ್ರಿಟಿಕಲ್', 'ಮೈನರ್' ಎಲ್ಲ ಅದರ ಲೆಕ್ಕ. ಪ್ರಯಾರಿಟಿ ಅಂದರೆ ಎಷ್ಟು ಬೇಗ ಸರಿಯಾಗಬೇಕು ಅಂತ. ಎರಡು ಡ್ರಾಪ್‌ಡೌನ್ ಸುಮ್ನೆ ಚಂದಕ್ಕೆ ಇಟ್ಟಿದ್ದಾರಾ?

ಇತ್ತ ವರ್ಷದ ಕೊನೆಯ ರಿಪೋರ್ಟ್ ಒತ್ತಿದರೆ ಇಡೀ ಆಪ್ ಮಗುಚಿ ಬೀಳುತ್ತದೆ, ತುಂಬಿಸಿದ ಡೇಟಾ ಮಾಯ. ಅದು ನಿಜವಾದ ಕ್ರಿಟಿಕಲ್. ಆದರೆ ಹಾಸನಾಂಬೆಯ ಬಾಗಿಲಿನ ಹಾಗೆ ಆ ರಿಪೋರ್ಟ್ ತೆರೆಯುವುದೇ ವರ್ಷಕ್ಕೊಮ್ಮೆ. ಈಗಲೇ ಅವಸರ ಇಲ್ಲ ಅಂತ ಪ್ರಯಾರಿಟಿ ಮಾತ್ರ 'ಲೋ' ಹಾಕಿದ್ದೆ. ನಮ್ಮ ಸಾಹೇಬರು ಸಿವಿಯಾರಿಟಿಯನ್ನೂ 'ಮೈನರ್'ಗೆ ಇಳಿಸಿದರು. ಅಲ್ಲಾ, ಈಗ ಯಾರೂ ನೋಡಲ್ಲ ಅಂದರೆ ಗೋಡೆಯ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತಾ?

ಲಿಸ್ಟ್ ತುಂಬ ಬರೀ ಕೆಂಪು. ಬಟನ್ ಬಣ್ಣ ಮಾಸಲಾ? ಕ್ರಿಟಿಕಲ್. ಫಾಂಟ್ ಚಿಕ್ಕದಾ? ಅದೂ ಕ್ರಿಟಿಕಲ್. ಹಾಗಾದರೆ ಮೊದಲು ಮುಟ್ಟುವುದು ಯಾವುದನ್ನ? ಯಾರು ಜಾಸ್ತಿ ಕೂಗುತ್ತಾರೋ ಅವರದ್ದನ್ನ!

ಅಕ್ಷರ ಸರಿ ಮಾಡಲು ಎರಡು ನಿಮಿಷ. ಅದರ ಬಗ್ಗೆ ಕಾಲ್ ಒಂದು ಗಂಟೆ. ತಟ್ಟೆ ಹತ್ತಿರ ವಾಪಸ್ ಬಂದಾಗ ರೊಟ್ಟಿ ಒಣಗಿ ರಟ್ಟಾಗಿತ್ತು.