ಬುಷ್ ಬಿಗಿಯೋದು ಹೀಗಾ?

ನನ್ನ ಕಾರಿಗೆ 19 ವರ್ಷ. ಹಂಪ್ ಬಂದರೆ ಸಾಕು, ಮುಂದಿನ ಎಡ ಚಕ್ರದಿಂದ ಕಟಕಟ. ಭಾನುವಾರ ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ತೂರಿದೆ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಯ ಅಡಿಗೆ ಹಿಡಿದಿಡುವ ತೋಳು; ಅದರ ಕೀಲಿನಲ್ಲಿ ಕೂರುವ ರಬ್ಬರ್ ಬುಷ್ ಸುತ್ತಲೂ ಹರಿದಿತ್ತು. ಮುಟ್ಟಿದರೆ ರಬ್ಬರ್ ಪುಡಿ ಬೆರಳಿಗೆ ಮೆತ್ತಿಕೊಂಡಿತು. ಹೋದ ವರ್ಷವಷ್ಟೇ ಹಾಕಿಸಿದ್ದು!

ಆವತ್ತು ಗ್ಯಾರೇಜಿನವರು ಗಾಡಿ ಮೇಲೆತ್ತಿ ಚಕ್ರ ಜೋತಾಡುವಾಗಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದರು. ಹಾಗೆ ಮಾಡಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಹರಿಯದೆ ಇನ್ನೇನು? ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗಿಯಬೇಕು. ಐದು ನಿಮಿಷ ಜಾಸ್ತಿ, ಅಷ್ಟೇ ಅಲ್ವಾ?

ಈಗ ಲಿಂಕ್ ರಾಡಿನ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಗೆ ಜೋಡಿಸುವ ಸಣ್ಣ ಸರಳು) ನಟ್ ತುಕ್ಕು ಹಿಡಿದು ಕೂತಿದೆ. ಸ್ಪ್ಯಾನರ್ ತಿರುಗಿಸಿದರೆ ಒಳಗಿನ ಬೋಲ್ಟೂ ಜೊತೆಗೇ ಸುತ್ತುತ್ತದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯುತ್ತಾ ಕೂತಿದ್ದೇನೆ.